ಇಸಿಎಂ ಸುಟ್ಟಿದೆ ಸರಿ, ಸುಟ್ಟಿದ್ದು ಯಾರು?

ಇಸಿಎಂ ಅಂದರೆ ಗಾಡಿಯ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್. ವಿಡಿಯೋದಲ್ಲಿ ಅದರ ಮುಚ್ಚಳ ತೆಗೆಯುವುದನ್ನು ಫಾಸ್ಟ್ ಆಗಿ ಓಡಿಸಿದ್ದೇನೆ. ಆ ಕಪ್ಪು ಗಮ್ ಕತ್ತರಿಸುವುದನ್ನು ಪೂರ್ತಿ ಕೂತು ನೋಡುವಷ್ಟು ತಾಳ್ಮೆ ಯಾರಿಗೂ ಇರಲ್ಲ. ಈಗ ಇಲ್ಲಿ ನೋಡಿ. ಕನೆಕ್ಟರ್ ಪಕ್ಕದಲ್ಲಿ ಸಾಲಾಗಿ ನಾಲ್ಕು ಕಪ್ಪು ಬಿಲ್ಲೆಗಳಿವೆ ಅಲ್ವಾ, ಅವೇ ಇಗ್ನಿಷನ್ ಕಾಯಿಲ್ ಡ್ರೈವರ್‌ಗಳು, ಅಂದರೆ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲಿನ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್‌ಗಳು. ಒಂದು ಸಿಲಿಂಡರಿಗೆ ಒಂದು. ಎರಡನೆಯದರ ನೆತ್ತಿಯ ಮೇಲೆ ಗುಳಿ ಬಿದ್ದಿದೆ. ಸುತ್ತಲಿನ ಹಸಿರು ಬೋರ್ಡು ಕಂದು ಬಣ್ಣಕ್ಕೆ ತಿರುಗಿದೆ. ಅಲ್ಲಿಂದ ಪಿನ್ನಿಗೆ ಹೋಗುವ ಟ್ರ್ಯಾಕ್, ಅಂದರೆ ಬೋರ್ಡಿನ ತಾಮ್ರದ ಗೆರೆ, ಮಧ್ಯದಲ್ಲೇ ಹಾರಿಹೋಗಿದೆ. ವಾಸನೆ ನಿಮಗೆ ಬರಲ್ಲ, ನನಗೆ ಮೂಗಿಗೆ ಹೊಡೆಯುತ್ತಿದೆ.

ಗಾಡಿ ತಿಪಟೂರಿನದು, ಪೆಟ್ರೋಲ್, ನಾಲ್ಕು ಸಿಲಿಂಡರ್. ಮಿಸ್ಸಿಂಗ್ ಹೊಡೆಯುತ್ತಾ, ಗಡಗಡ ನಡುಗುತ್ತಾ ಬಿ.ಎಚ್. ರಸ್ತೆಯುದ್ದಕ್ಕೂ ತುಮಕೂರಿಗೆ ಬಂದಿದೆ. ಸ್ಕ್ಯಾನರ್ ಹಾಕಿದರೆ ಪಿ 0352 ಅನ್ನುವ ದೋಷದ ಕೋಡ್, ಅಂದರೆ ಎರಡನೇ ಕಾಯಿಲ್ ಸರ್ಕೀಟ್. ಊರಲ್ಲಿ ಹೊಸ ಕಾಯಿಲ್ ಹಾಕಿಸಿದ್ದಾರೆ, ಸರಿಹೋಗಿಲ್ಲ. ಆಮೇಲೆ ಒಂದು ಕಡೆ ತೋರಿಸಿದ್ದಕ್ಕೆ, ಇಸಿಎಂ ಹೋಗಿದೆ, ಹೊಸದು ಹಾಕಿ, 40 ಸಾವಿರದ ಮೇಲಾಗುತ್ತದೆ ಅಂದರಂತೆ. ಕೀ ಕೋಡಿಂಗ್ ಬೇರೆ. ಅದು ಯಾವ ವರ್ಕ್‌ಶಾಪ್ ಅನ್ನುವುದು ಬೇಡ. ಆದರೆ ಮುಚ್ಚಳವನ್ನೂ ತೆಗೆಯದೆ 40 ಸಾವಿರ ಹೇಳುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಹಾಳಾಗಿರುವುದು ಉಗುರಿನಷ್ಟು ಅಗಲದ ಒಂದು ಭಾಗ.

ಸೆಕೆಂಡ್ ಹ್ಯಾಂಡ್ ಇಸಿಎಂ ಹಾಕಬಹುದಲ್ವಾ ಅಂತ ಕೇಳುತ್ತೀರಿ. ಹಾಕಿದರೆ ಗಾಡಿ ಸ್ಟಾರ್ಟ್ ಆಗಲ್ಲ. ನಿಮ್ಮ ಕೀಯ ಗುರುತು ಇರುವುದು ಈ ಬೋರ್ಡಿನ ಮೆಮೊರಿಯಲ್ಲಿ. ಇಗೋ, ಈ ಎಂಟು ಕಾಲಿನ ಚಿಪ್. ಬೇರೆ ಬೋರ್ಡಿನಲ್ಲಿ ಬೇರೆ ಕೀಯ ಗುರುತು ಇರುತ್ತದೆ, ಕಳ್ಳತನ ತಡೆಯುವ ಇಮೊಬಿಲೈಸರ್ ಬಿಡಲ್ಲ. ಇದರ ಡೇಟಾ ಓದಿ ಅದಕ್ಕೆ ಬರೆಯಬೇಕು. ಅದರ ಬದಲು ಇರುವ ಬೋರ್ಡನ್ನೇ ಉಳಿಸಿಕೊಳ್ಳುವುದು ಒಳ್ಳೆಯದು.

ಈಗ ಮೀಟರ್. ನನ್ನ ಹತ್ತಿರ ಈ ಬೋರ್ಡಿನ ಡಯಾಗ್ರಂ ಇಲ್ಲ, ಬೇಕಾಗಿಯೂ ಇಲ್ಲ. ಪಕ್ಕದ ಮೂರು ಡ್ರೈವರ್ ಚೆನ್ನಾಗಿವೆ, ಅವೇ ನನ್ನ ಡಯಾಗ್ರಂ. ಅಲ್ಲಿ ಬಂದ ರೀಡಿಂಗ್ ಇಲ್ಲೂ ಬರಬೇಕು. ಡ್ರೈವರಿಗೆ ಮೂರು ಕಾಲು: ಕರೆಂಟ್ ಹರಿಯುವ ಕಲೆಕ್ಟರ್ ಮತ್ತು ಎಮಿಟರ್, ಆನ್ ಆಫ್ ಹೇಳುವ ಗೇಟ್. ಎರಡನೆಯದರಲ್ಲಿ ಕಲೆಕ್ಟರಿಗೂ ಎಮಿಟರಿಗೂ ಮಧ್ಯೆ ಬೀಪ್, ಪೂರ್ತಿ ಶಾರ್ಟ್. ಗೇಟಿನ ಪುಟ್ಟ ರೆಸಿಸ್ಟರ್ ಓಪನ್, ಅಂದರೆ ಒಳಗೆ ಕಡಿದುಹೋಗಿದೆ. ಈ ರೆಸಿಸ್ಟರಿಗೆ ಕೈ ಮುಗಿಯಬೇಕು. ಅದು ತಾನು ಸುಟ್ಟುಹೋಗಿ ಹಿಂದಿನ ಪ್ರೊಸೆಸರನ್ನು ಕಾಪಾಡಿದೆ. ಪ್ರೊಸೆಸರ್ ಕಡೆಯ ಲೈನನ್ನು ಮೀಟರಿನ ಡಯೋಡ್ ಮೋಡಿನಲ್ಲಿ ನೋಡಿದರೆ ನಾಲ್ಕೂ ಒಂದೇ ರೀಡಿಂಗ್. ಬೋರ್ಡು ಬದುಕಿದೆ.

ಥರ್ಮಲ್ ಕ್ಯಾಮೆರಾ ತಗೊಳ್ಳಿ ಅಂತ ತುಂಬಾ ಜನ ಹೇಳುತ್ತಾರೆ. ಈ ಕೆಲಸಕ್ಕೆ ಅದು ಸುಮ್ನೆ ದಂಡ, ಕಣ್ಣಿಗೇ ಕಾಣುತ್ತಿದೆಯಲ್ಲ. 5 ವೋಲ್ಟ್ ಲೈನಿನಲ್ಲಿ ಎಲ್ಲೋ ಒಂದು ಕೆಪಾಸಿಟರ್ ಶಾರ್ಟ್ ಆಗಿದ್ದರೆ ಮಾತ್ರ ಅದು ಬೇಕೇ ಬೇಕು. ಹಾಗೆ ನೋಡಿದರೆ ತಗೊಳ್ಳಿ, ದುಡ್ಡಿದ್ದರೆ ತಗೊಳ್ಳಿ.

ಇದು ಬೆಂಗಳೂರಿನ ಎಸ್.ಪಿ. ರಸ್ತೆ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ. ಡ್ರೈವರ್ ಭಾಗಕ್ಕಾಗಿ ಹೋಗಿದ್ದೆ. ಮೇಲೆ ವಿ3040ಡಿ ಅಂತ ಬರೆದಿರುತ್ತದೆ, 400 ವೋಲ್ಟಿನ ಇಗ್ನಿಷನ್ ಐಜಿಬಿಟಿ, ಅಂದರೆ ಕಾಯಿಲ್ ಕೆಲಸಕ್ಕೇ ಮಾಡಿದ ಎಲೆಕ್ಟ್ರಾನಿಕ್ ಸ್ವಿಚ್. ಒಂದು ಅಂಗಡಿಯಲ್ಲಿ ಸಿಕ್ಕಿತು, 180 ರೂಪಾಯಿ. ಬೆಲೆ ಬಗ್ಗೆ ನನ್ನ ತಕರಾರಿಲ್ಲ, ವಸ್ತುವಿನ ಬಗ್ಗೆ ಇದೆ. ಕ್ಲೋಸಪ್ ನೋಡಿ. ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಉಜ್ಜಿದೆ, ಅಕ್ಷರ ಬಟ್ಟೆಗೆ ಬಂತು. ಲೇಸರಿನಲ್ಲಿ ಕೆತ್ತಿದ ಅಕ್ಷರ ಹೀಗೆ ಅಳಿಸಿಹೋಗಲ್ಲ. ಕೆಳಗೆ ಉಜ್ಜುಕಾಗದದ ಗೆರೆಗಳು. ಅಂದರೆ ಹಳೆಯ ಹೆಸರನ್ನು ತಿಕ್ಕಿ ತೆಗೆದು ಹೊಸ ಹೆಸರು ಹಾಕಿದ್ದಾರೆ. ಇಷ್ಟೇ ಅಲ್ಲ. ಅಸಲಿ ಭಾಗದಲ್ಲಿ ಗೇಟಿಗೂ ಎಮಿಟರಿಗೂ ಮಧ್ಯೆ ಒಳಗೇ ಒಂದು ರೆಸಿಸ್ಟರ್ ಇರುತ್ತದೆ. ಮೀಟರಿನಲ್ಲಿ 10ರಿಂದ 26 ಕಿಲೋ ಓಮ್ ಒಳಗೆ ತೋರಿಸಬೇಕು. ಇದರಲ್ಲಿ ಓಪನ್. ಇದು ಬೇರೆ ಯಾವುದೋ ಭಾಗ, ಬಹುಶಃ ಮಾಸ್ಫೆಟ್ ಅನ್ನುವ ಇನ್ನೊಂದು ಬಗೆಯ ಸ್ವಿಚ್. ಕಾಯಿಲ್ ಕರೆಂಟ್ ಕಟ್ಟಾದ ಕ್ಷಣದಲ್ಲಿ ಕಾಯಿಲ್ ಒದೆಯುವ ನೂರಾರು ವೋಲ್ಟನ್ನು ಇದು ತಡೆಯುವುದಿಲ್ಲ. ಹಾಕಿದ್ದರೆ ಶುರುವಿನ ಕಿಡಿಗೇ ಸಾಯುತ್ತಿತ್ತು. ಬೈಸಿಕೊಳ್ಳುವುದು ಮಾತ್ರ ರಿಪೇರಿ ಮಾಡಿದವನು. ವಾಪಸ್ ಕೊಡಲು ಹೋದರೆ, ಬೆಸುಗೆ ಹಾಕುವ ಭಾಗ ವಾಪಸ್ ಇಲ್ಲ ಅಂದರು. ಬೆಸುಗೆ ಹಾಕಿಯೇ ಇಲ್ಲ! ನನಗೆ ಬಹಳ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. 180 ರೂಪಾಯಿಯ ಪ್ರಶ್ನೆ ಅಲ್ಲ. ಇಂಥದನ್ನು ನಂಬಿ ಹಾಕಿದ ಹೊಸ ಹುಡುಗನೊಬ್ಬ, ತನಗೆ ಕೆಲಸವೇ ಬರಲ್ಲ ಅಂದುಕೊಂಡು ಬಿಟ್ಟುಬಿಡುತ್ತಾನೆ.

ಹಳೇ ಬೋರ್ಡಿನಿಂದ ಕಿತ್ತ ಭಾಗ ಹಾಕಬಾರದು ಅಂತ ನಾನೇ ಹೇಳುತ್ತಿದ್ದೆ. ಈಗ ಹಾಗೆ ಹೇಳಲ್ಲ. ನೀರು ಹೋಗಿ ಕೆಟ್ಟ ಗುಜರಿ ಇಸಿಎಂನಿಂದ ಕಿತ್ತ ಅಸಲಿ ಭಾಗ ಇದು, ಮೀಟರಿನಲ್ಲಿ ಪಾಸ್. ಹೊಸ ನಕಲಿಗಿಂತ ಇದೇ ವಾಸಿ.

ಬೋರ್ಡಿನ ಹಿಂದೆ ಅಲ್ಯೂಮಿನಿಯಂ ತಟ್ಟೆ ಅಂಟಿದೆ, ಬಿಸಿಯನ್ನೆಲ್ಲ ಅದು ಹೀರುತ್ತದೆ. ಹಾಗಾಗಿ ಕೆಳಗಿನಿಂದ 100 ಡಿಗ್ರಿಯಷ್ಟು ಬಿಸಿ ಕೊಟ್ಟು, ಆಮೇಲೆ ಮೇಲಿನಿಂದ ಬಿಸಿಗಾಳಿಯ ಬ್ಲೋವರ್. ಈಗ ಮುಖ್ಯ ಕೆಲಸ, ಇದ್ದಿಲನ್ನು ಕೆರೆಯುವುದು. ಸುಟ್ಟು ಕಪ್ಪಾದ ಬೋರ್ಡು ಕರೆಂಟ್ ಹರಿಸುತ್ತದೆ. ಮೇಲೆ ಚಂದ ಬೆಸುಗೆ ಹಾಕಿ ಕೆಳಗೆ ಇದ್ದಿಲು ಬಿಟ್ಟರೆ ಮತ್ತೆ ಸುಡುತ್ತದೆ. ಹಸಿರಲ್ಲದಿದ್ದರೂ ಪರವಾಗಿಲ್ಲ, ತಿಳಿ ಬಣ್ಣ ಕಾಣುವವರೆಗೆ ಕೆರೆಯಿರಿ. ಗುಳಿಗೆ ಎಪಾಕ್ಸಿ ಅಂಟು, ಹಾರಿಹೋದ ಟ್ರ್ಯಾಕಿಗೆ ದಪ್ಪ ತಾಮ್ರದ ತಂತಿ.

ಎಪಾಕ್ಸಿ ಒಣಗುವ ತನಕ ಕೊಬ್ಬರಿ ವಿಷಯ. ಗಾಡಿ ಯಜಮಾನರು ಕೊಬ್ಬರಿ ವ್ಯಾಪಾರಿ, ಒಂದು ಚೀಲ ಉಂಡೆ ಕೊಬ್ಬರಿ ತಂದುಕೊಟ್ಟಿದ್ದಾರೆ. ಅಟ್ಟದ ಮೇಲೆ ಸಿಪ್ಪೆ ಸಮೇತ ತಿಂಗಳುಗಟ್ಟಲೆ ಬಿಟ್ಟು, ಒಳಗಿನ ನೀರು ತಾನಾಗಿ ಇಂಗಿದ ಮೇಲೆ ಒಡೆಯುವುದು. ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಬಿಸಿಲಲ್ಲಿ ಹೋಳು ಮಾಡಿ ಒಣಗಿಸಿದ್ದಕ್ಕೆ ಈ ರುಚಿ ಬರಲ್ಲ, ಬೆಲ್ಲದ ಜೊತೆ... ಆಯ್ತು ಆಯ್ತು, ಒಣಗಿತು. ಬೋರ್ಡಿಗೆ ಬರೋಣ.

ಭಾಗ ಕೂರಿಸಿದ್ದು ನೋಡಿದಿರಿ. ಇಷ್ಟಕ್ಕೇ ಗಾಡಿಗೆ ಹಾಕಿಬಿಟ್ಟರೆ, ಫ್ಯೂಸ್ ಹೋದಲ್ಲಿ ತಂತಿ ಸುತ್ತಿ ಬಿಟ್ಟ ಹಾಗೆ. ಡ್ರೈವರ್ ತಾನಾಗಿ ಸಾಯಲ್ಲ, ಯಾರೋ ಕೊಂದಿರುತ್ತಾರೆ. ಹಳೇ ಕಾಯಿಲ್ ಇದೆಯಾ ಸಾಹೇಬ್ರೇ ಅಂತ ಕೇಳಿದೆ. ಡಿಕ್ಕಿಯಲ್ಲಿ ಕವರಿನೊಳಗೆ ಇತ್ತು. ಮೀಟರಿನ ಎರಡೂ ಕಡ್ಡಿ ತಾಗಿಸಿದರೆ 0.2 ಓಮ್, ಅದನ್ನು ಕಳೆಯಬೇಕು. ಒಳ್ಳೆಯ ಕಾಯಿಲ್ 0.7. ಇದು 0.3. ಒಳಗೆ ಸುತ್ತುಗಳು ಒಂದಕ್ಕೊಂದು ಶಾರ್ಟ್ ಆಗಿವೆ. ಕರೆಂಟ್ ಮೆಲ್ಲಗೆ ಏರುವ ಬದಲು ನುಗ್ಗುತ್ತದೆ. ಡ್ರೈವರ್ ಕಾದು ಕಾದು ಶಾರ್ಟ್ ಆಯಿತು, ಆಮೇಲೆ ಟ್ರ್ಯಾಕ್ ಹಾರಿತು. ಹೊಸ ಕಾಯಿಲ್ ಹಾಕಿದರೂ ಕಿಡಿ ಬಾರದಿದ್ದುದು ಇದಕ್ಕೇ.

ಇದೊಂದನ್ನು ದಯವಿಟ್ಟು ಕೇಳಿ. ಎಲ್ಲರೂ ಮೊದಲು ಮಾಡುವುದು ಕಾಯಿಲ್ ಅದಲು ಬದಲು. ಮೂರು, ನಾಲ್ಕು ವೈರಿನ ಕಾಯಿಲ್ ಆದರೆ ಸಾಮಾನ್ಯವಾಗಿ ಡ್ರೈವರ್ ಅದರೊಳಗೇ ಇರುತ್ತದೆ, ಮಾಡಿ. ಎರಡೇ ವೈರ್ ಇದ್ದರೆ ಡ್ರೈವರ್ ಹೆಚ್ಚಾಗಿ ಇರುವುದು ಇಸಿಎಂನಲ್ಲಿ. ಶಾರ್ಟ್ ಆದ ಕಾಯಿಲನ್ನು ಮೂರನೇ ಸಿಲಿಂಡರಿಗೆ ಹಾಕಿದಿರೋ, ಮೂರನೇ ಡ್ರೈವರೂ ಹೋಗಬಹುದು. ಮೊದಲು ಮೀಟರ್, ಆಮೇಲೆ ಅದಲು ಬದಲು.

ಟೇಬಲ್ ಮೇಲೆ 12 ವೋಲ್ಟ್, ಕರೆಂಟ್ ಲಿಮಿಟ್ ಕಡಿಮೆ ಇಟ್ಟು ಶುರು. 5 ವೋಲ್ಟ್ ಬರುತ್ತಿದೆ, ಬಿಸಿ ಇಲ್ಲ. ಲಿಮಿಟ್ ಏರಿಸಿ, ಎಂಜಿನ್ ತಿರುಗುತ್ತಿದೆ ಅಂತ ತಿಳಿಸುವ ಕ್ರ್ಯಾಂಕ್ ಸಿಗ್ನಲನ್ನು ಇಸಿಎಂಗೆ ಕೊಟ್ಟೆ, ಅರವತ್ತರಲ್ಲಿ ಎರಡು ಹಲ್ಲು ಇಲ್ಲದ ಚಕ್ರದ ಸಿಗ್ನಲ್. ನಾಲ್ಕೂ ಕಡೆ ಚಟಚಟ ನೀಲಿ ಕಿಡಿ. ಎರಡನೆಯದನ್ನೇ ನೋಡಿ, ಎಷ್ಟು ಚೆನ್ನಾಗಿದೆ!

ಗಾಡಿಯಲ್ಲಿ ಹಾಕುವುದು ವಿಡಿಯೋದಲ್ಲಿದೆ. ಬ್ಯಾಟರಿ ನೆಗೆಟಿವ್ ತೆಗೆಯದೆ ಇಸಿಎಂ ಕನೆಕ್ಟರ್ ಮುಟ್ಟಬೇಡಿ. ಪ್ಲಗ್ ಸವೆದು ಗ್ಯಾಪ್ ಜಾಸ್ತಿಯಾಗಿತ್ತು, ಅದರಿಂದಲೂ ಕಾಯಿಲಿಗೆ ಹೊರೆ ಬೀಳುತ್ತದೆ, ನಾಲ್ಕೂ ಹೊಸದು ಹಾಕಿಸಿದೆ. ಈಗ ಸ್ಟಾರ್ಟ್ ಮಾಡುತ್ತಿದ್ದಾರೆ, ಸೌಂಡ್ ಕೇಳಿ, ನಡುಕ ಇಲ್ಲ. ಮುಂದಿನ ಸಲ ಡೀಸೆಲ್ ಇಸಿಎಂ. ಅದರ ಇಂಜೆಕ್ಟರ್ ಕೆಪಾಸಿಟರಿನಲ್ಲಿ ಜೋರು ವೋಲ್ಟೇಜ್ ಉಳಿದಿರುತ್ತದೆ, ಆ ವಿಡಿಯೋ ನೋಡುವ ತನಕ ಯಾರೂ ಬಿಚ್ಚಬೇಡಿ.