ಅಂಬಾಸಿಡರ್ ಟ್ಯಾಪೆಟ್ ಸೆಟ್ಟಿಂಗ್: ಸದ್ದು ಪೂರ್ತಿ ನಿಲ್ಲಿಸೋಕೆ ಹೋಗಬೇಡಿ

[ತುಮಕೂರು, ಶಿರಾ ಗೇಟ್ ಕಡೆಯ ಒಂದು ಶೆಡ್. ಬಾನೆಟ್ ಎತ್ತಿದ ಬಿಳಿ ಅಂಬಾಸಿಡರ್. ಎಂಜಿನ್ ಓಡುತ್ತಿದೆ, ಟಕ ಟಕ ಸದ್ದು]

ಕೇಳಿಸ್ತಾ? ಇದು ಟ್ಯಾಪೆಟ್ ಸದ್ದು, ಅಂದರೆ ವಾಲ್ವ್ ಒತ್ತುವ ತೋಳು (ರಾಕರ್) ವಾಲ್ವಿನ ತುದಿಗೆ ಬಡಿಯುವ ಸದ್ದು. ಈ ಟಕ ಟಕ ಕೇಳಿದ ಕೂಡಲೇ ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ ಒಂದೇ. ಗ್ಯಾರೇಜಿಗೆ ಹೋಗಿ "ಅಣ್ಣಾ, ಟ್ಯಾಪೆಟ್ ಸೌಂಡ್ ಬರ್ತಿದೆ, ಸ್ವಲ್ಪ ಟೈಟ್ ಮಾಡಿಬಿಡಿ" ಅನ್ನುತ್ತಾರೆ. ಕೆಲವು ಕಡೆ ಗ್ಯಾಪ್ ಅಳೆಯುವ ಗೇಜ್ ಹುಡುಕುವ ಗೋಜಿಗೂ ಹೋಗದೆ, ಎಂಜಿನ್ ಓಡುತ್ತಿರುವಾಗಲೇ ಕಿವಿಗೊಟ್ಟು ಸದ್ದು ನಿಲ್ಲುವ ತನಕ ಸ್ಕ್ರೂ ತಿರುಗಿಸಿ ಕಳಿಸುತ್ತಾರೆ. ಗಾಡಿ ಸೈಲೆಂಟು, ಓನರ್ ಖುಷಿ. ಆಮೇಲೆ ಒಂದು ದಿನ ದೇವರಾಯನದುರ್ಗದ ಏರಿನಲ್ಲಿ ಗಾಡಿ ಎಳೆಯುವುದೇ ಇಲ್ಲ. ಬಿಚ್ಚಿ ನೋಡಿದರೆ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸುಟ್ಟಿರುತ್ತದೆ.

ಸದ್ದು ಮಾಡುವ ಟ್ಯಾಪೆಟ್‌ಗೆ ಇಷ್ಟೊಂದು ಹೆದರಬೇಕಾಗಿಲ್ಲ. ಸದ್ದೇ ಇಲ್ಲದ ಟ್ಯಾಪೆಟ್‌ಗೆ ಹೆದರಿ.

[ಬಿಚ್ಚಿಟ್ಟ ಹಳೇ ವಾಲ್ವ್ ಕೈಯಲ್ಲಿ]

ಯಾಕೆ ಅಂತ ನೋಡಿ. ಉರಿದ ಗ್ಯಾಸ್ ಎಲ್ಲಾ ಎಕ್ಸಾಸ್ಟ್ ವಾಲ್ವಿನ ಮೇಲೇ ಹಾದು ಹೋಗಬೇಕು. ಆ ಬಿಸಿಯ ದೊಡ್ಡ ಪಾಲು ಇಳಿಯುವುದು ವಾಲ್ವ್ ಮುಚ್ಚಿ ಸೀಟಿನ ಮೇಲೆ ಕೂತಾಗ, ಈ ಅಂಚಿನಿಂದ. ಬಿಸಿಗೆ ವಾಲ್ವ್ ಉದ್ದ ಆಗುತ್ತದೆ, ಅದಕ್ಕೇ ರಾಕರ್‌ಗೂ ವಾಲ್ವ್ ತುದಿಗೂ ನಡುವೆ ಗ್ಯಾಪ್ ಬಿಟ್ಟಿರುವುದು. ಗ್ಯಾಪ್ ಇಲ್ಲದಿದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಬಿಸಿ ಇಳಿಯುವುದಿಲ್ಲ, ಸಂದಿಯಲ್ಲಿ ಬೆಂಕಿ ನುಗ್ಗಿ ಅಂಚನ್ನು ತಿನ್ನುತ್ತದೆ.

ಹಳೇ ಗಾಡಿಗಳಿಗೆ ಇನ್ನೊಂದು ತಲೆನೋವು ಇದೆ. ಇವು ಸೀಸ ಬೆರೆಸಿದ ಪೆಟ್ರೋಲ್ ಕಾಲದ ಎಂಜಿನ್‌ಗಳು. ಆ ಸೀಸ ವಾಲ್ವ್ ಸೀಟಿಗೆ ಕಾವಲು ಇದ್ದಂತೆ ಇತ್ತು. 2000ನೇ ಇಸವಿಯಿಂದ ದೇಶದಲ್ಲೆಲ್ಲಾ ಸೀಸ ಇಲ್ಲದ ಪೆಟ್ರೋಲ್ ಬಂತು. ಹೊಗೆಯ ವಿಷ ಕಡಿಮೆ ಆಯಿತು, ಅದು ಒಳ್ಳೆಯದೇ. ಆದರೆ ಗಟ್ಟಿ ಸೀಟ್ ಹಾಕಿಸದ ಹಳೇ ಹೆಡ್‌ಗಳಲ್ಲಿ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಎಕ್ಸಾಸ್ಟ್ ಸೀಟ್ ಸವೆದು ವಾಲ್ವ್ ಹೆಡ್‌ನ ಒಳಕ್ಕೆ, ಅಂದರೆ ಮೇಲಕ್ಕೆ ಸರಿಯುತ್ತದೆ. ವಾಲ್ವ್ ಸರಿದಷ್ಟೂ ಅದರ ತುದಿ ರಾಕರ್ ಕಡೆ ಮೇಲೆ ಬರುತ್ತದೆ, ಗ್ಯಾಪ್ ತಾನಾಗಿಯೇ ಕಡಿಮೆ ಆಗುತ್ತದೆ, ಅದೂ ಸದ್ದಿಲ್ಲದೆ.

ಸರಿ, ಕೆಲಸಕ್ಕೆ ಬರೋಣ. ಇದು 1489 ಸಿಸಿ ಪೆಟ್ರೋಲ್ ಎಂಜಿನ್, ಪುಶ್ ರಾಡ್‌ನದು. ಇಸುಜು ಎಂಜಿನ್ ಇರುವವರು, ಡೀಸೆಲ್‌ನವರು ನಿಮ್ಮ ಮ್ಯಾನ್ಯುಯಲ್ ನೋಡಿ. ಇದಕ್ಕೆ ಎಂಟೂ ವಾಲ್ವಿಗೆ 15 ಥೌ (ಇಂಚಿನ ಸಾವಿರದಲ್ಲಿ 15 ಪಾಲು), ಅಂದರೆ 0.38 ಮಿ.ಮೀ. ಗ್ಯಾಪ್. ಆ ಅಳತೆ ಎಂಜಿನ್ ತಣ್ಣಗಿದ್ದಾಗಲೋ ಬಿಸಿ ಇದ್ದಾಗಲೋ ಅನ್ನುವುದನ್ನೂ ಮ್ಯಾನ್ಯುಯಲ್‌ನಲ್ಲೇ ನೋಡಿಕೊಳ್ಳಿ. ತಣ್ಣಗೆ ಅಂತ ಇದ್ದರೆ ರಾತ್ರಿಯಿಡೀ ನಿಂತ ಗಾಡಿ ಬೇಕು. ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದು, ಅರ್ಧ ಗಂಟೆ ಬಿಟ್ಟು, ತಣ್ಣಗಾಯ್ತು ಅಂತ ಕವರ್ ಬಿಚ್ಚಬೇಡಿ.

[ಎಂಜಿನ್ ಆಫ್. ಕಟ್. ಮಾರನೇ ಬೆಳಗ್ಗೆ]

ಬ್ಯಾಟರಿ ವೈರ್ ತೆಗೆಯಿರಿ, ಹ್ಯಾಂಡ್ ಬ್ರೇಕ್ ಹಾಕಿ, ಗಾಡಿ ನ್ಯೂಟ್ರಲ್‌ನಲ್ಲಿರಲಿ. ನಾಲ್ಕೂ ಪ್ಲಗ್ ಬಿಚ್ಚಿಡಿ, ಆಗ ಎಂಜಿನ್ ಸಲೀಸಾಗಿ ತಿರುಗುತ್ತದೆ. ಮುಂದೆ ಎಂಜಿನ್ ತಿರುಗಿಸುವ ಹ್ಯಾಂಡಲ್ ಹಾಕಲು ಜಾಗ ಇದ್ದರೆ ನೀವು ಪುಣ್ಯವಂತರು. ಇಲ್ಲದಿದ್ದರೆ ಹ್ಯಾಂಡ್ ಬ್ರೇಕ್ ಇಳಿಸಿ ಟಾಪ್ ಗೇರ್ ಹಾಕಿ, ಸಮತಟ್ಟಾದ ಜಾಗದಲ್ಲಿ ಒಬ್ಬರ ಕೈಲಿ ನಿಧಾನವಾಗಿ ತಳ್ಳಿಸಿ.

[ಟ್ಯಾಪೆಟ್ ಕವರ್ ತೆಗೆದ ಮೇಲೆ, ಮೇಲಿನಿಂದ ಶಾಟ್]

ರೇಡಿಯೇಟರ್ ಕಡೆಯಿಂದ ಎಣಿಸಿ, ಒಂದರಿಂದ ಎಂಟು. ಇದರಲ್ಲಿ 1, 4, 5, 8 ಎಕ್ಸಾಸ್ಟ್. ಉಳಿದ ನಾಲ್ಕು ಇನ್‌ಲೆಟ್, ಅಂದರೆ ಪೆಟ್ರೋಲ್-ಗಾಳಿ ಒಳಗೆ ಬಿಡುವವು. ಈಗ ಒಂಬತ್ತರ ಲೆಕ್ಕ. ಎಂಟನೇ ವಾಲ್ವ್ ಪೂರ್ತಿ ಕೆಳಗೆ ಒತ್ತಿ ನಿಂತಾಗ ಒಂದನೆಯದನ್ನು ಸೆಟ್ ಮಾಡಿ. ಆರು ಒತ್ತಿದ್ದರೆ ಮೂರು. ನಾಲ್ಕು ಒತ್ತಿದ್ದರೆ ಐದು. ಒತ್ತಿರುವ ನಂಬರನ್ನು ಒಂಬತ್ತರಲ್ಲಿ ಕಳೆದರೆ ಯಾವುದಕ್ಕೆ ಕೈ ಹಾಕಬೇಕು ಅಂತ ಗೊತ್ತಾಗುತ್ತದೆ. ಒಂದನೇ ಮತ್ತು ನಾಲ್ಕನೇ ಸಿಲಿಂಡರ್ ಜೊತೆಗೇ ಏರಿ ಇಳಿದರೂ ಅವುಗಳ ಸರದಿ ಕ್ರ್ಯಾಂಕಿನ ಒಂದು ಪೂರ್ತಿ ಸುತ್ತು ಆಚೀಚೆ. ಎರಡು, ಮೂರಕ್ಕೂ ಅಷ್ಟೇ. ಹಾಗಾಗಿ ಒಂದರ ವಾಲ್ವ್ ಪೂರ್ತಿ ತೆರೆದಾಗ ಜೋಡಿಯದರ ಅದೇ ವಾಲ್ವ್ ಪೂರ್ತಿ ಮುಚ್ಚಿರುತ್ತದೆ. ವಾಲ್ವುಗಳ ಸಾಲು ಹೀಗೆ ಕನ್ನಡಿಯಲ್ಲಿ ಕಂಡಂತೆ ಎದುರು ಬದುರು ಇಲ್ಲದ ಎಂಜಿನ್‌ಗೆ ಈ ಲೆಕ್ಕ ನಡೆಯುವುದಿಲ್ಲ, ಸುಮ್ನೆ ಎಲ್ಲಾ ಗಾಡಿಗೂ ಹಚ್ಚಬೇಡಿ.

[ಕ್ಲೋಸಪ್: ಫೀಲರ್ ಗೇಜ್]

ಲಾಕ್ ನಟ್ ಸಡಿಲ ಮಾಡಿ, ಗೇಜ್ ತೂರಿಸಿ, ಸ್ಕ್ರೂಡ್ರೈವರ್‌ನಲ್ಲಿ ನಿಧಾನವಾಗಿ ತಿರುಗಿಸಿ. ಗೇಜ್ ಎಳೆದರೆ ಸ್ವಲ್ಪ ಹಿಡಿದ ಹಾಗಾಗಬೇಕು, ಆದರೆ ಬರಬೇಕು. ಈಗ ಸ್ಕ್ರೂ ಅಲ್ಲಾಡದಂತೆ ಹಿಡಿದುಕೊಂಡೇ ನಟ್ ಬಿಗಿ ಮಾಡಿ. ಮತ್ತೆ ಗೇಜ್ ಹಾಕಿ ನೋಡಿ! ನಟ್ ಬಿಗಿಯುವಾಗ ಗ್ಯಾಪ್ ಬದಲಾಗುವುದೇ ಜಾಸ್ತಿ, ಎರಡು ಮೂರು ಸಲ ಮಾಡಬೇಕಾಗಬಹುದು. ಅನುಮಾನ ಬಂದರೆ ಒಂದು ಕೂದಲಷ್ಟು ಸಡಿಲವೇ ಇರಲಿ, ಅದರಲ್ಲೂ ಎಕ್ಸಾಸ್ಟ್.

ಎಲ್ಲಾ ಸರಿ ಮಾಡಿದ ಮೇಲೂ ಒಂದೇ ಒಂದು ಟ್ಯಾಪೆಟ್ ಕಿರಿಕಿರಿ ಮಾಡುತ್ತಿದೆಯಾ? ರಾಕರ್‌ನ ಮುಖ ನೋಡಿ. ವಾಲ್ವ್ ಬಡಿದು ಬಡಿದು ಅಲ್ಲಿ ಗುಳಿ ಬಿದ್ದಿರುತ್ತದೆ. ಅಗಲ ಗೇಜ್ ಗುಳಿಯ ಮೇಲೆ ಸೇತುವೆ ಥರ ಕೂರುತ್ತದೆ, ಹಾಗಾಗಿ ಗೇಜ್ 15 ಅಂದರೂ ನಿಜವಾದ ಗ್ಯಾಪ್ ಅದಕ್ಕಿಂತ ಜಾಸ್ತಿ ಇರುತ್ತದೆ. ಇದಕ್ಕೆ ಟೈಟ್ ಮಾಡುವುದು ಮದ್ದಲ್ಲ. ರಾಕರ್ ಬದಲಿಸಿ, ಇಲ್ಲ ಗೊತ್ತಿರುವವರ ಹತ್ತಿರ ಮುಖ ಗ್ರೈಂಡ್ ಮಾಡಿಸಿ.

ಕವರ್ ಹಾಕುವಾಗ ಕಾರ್ಕ್ ಪ್ಯಾಕಿಂಗ್ ಹೊಸದಿರಲಿ. ಮೇಲಿನ ನಟ್‌ಗಳ ಮೇಲೆ ಬಲ ಪ್ರಯೋಗ ಬೇಡ, ತಗಡು ಬಗ್ಗಿದರೆ ಆಯಿಲ್ ಸೋರಿ ಎಕ್ಸಾಸ್ಟ್ ಮೇಲೆ ಬೀಳುತ್ತದೆ. ಎರಡು ದಿನ ಓಡಿಸಿ ಅಂಚು ಒರೆಸಿ ನೋಡಿ. ಜಿಡ್ಡು ಕಂಡರೆ ಇನ್ನು ಕಾಲು ಸುತ್ತು ಸಾಕು. ಹೆಡ್ ಕೆಲಸ ಮಾಡಿಸಿದವರು ಮಾತ್ರ ಹೆಡ್ ನಟ್ ಮತ್ತೊಮ್ಮೆ ಟೈಟ್ ಮಾಡಿಸಿದ ಮೇಲೆ ಟ್ಯಾಪೆಟ್‌ಗೆ ಬನ್ನಿ, ಇಲ್ಲದಿದ್ದರೆ ಇದೇ ಕೆಲಸ ಎರಡು ಸಲ.