ಬಿಳಿ ಸೆರಗು ಅಂತ ಬಾಯಿಬಿಡುವವರೆಗೂ ಕಾಯಬೇಕಾ?

ಆಸ್ಪತ್ರೆಯ ಬೆಂಚಿನ ಮೇಲೆ 22 ವರ್ಷದ ಹುಡುಗಿ ಕೂತಿದ್ದಾಳೆ. ಹೊಸದಾಗಿ ಮದುವೆಯಾಗಿದೆ. ಪಕ್ಕದಲ್ಲಿ ಅತ್ತೆ. 'ಏನಮ್ಮಾ ತೊಂದರೆ?' ಅಂತ ಡಾಕ್ಟರು ಕೇಳಿದರೆ ಅವಳು ತಲೆ ತಗ್ಗಿಸುತ್ತಾಳೆ. 'ಸುಸ್ತು ಅಂತಾಳೆ ಡಾಕ್ಟ್ರೇ' ಅಂತ ಅತ್ತೆಯೇ ಹೇಳುತ್ತಾರೆ. ಬಿಳಿ ಸೆರಗಿನ ಮಾತು ಬರುವುದೇ ಇಲ್ಲ. ಟಾನಿಕ್ ಬರೆಸಿಕೊಂಡು ಇಬ್ಬರೂ ಹೊರಡುತ್ತಾರೆ.

ಟ್ರೈಕೋಮೋನಿಯಾಸಿಸ್. ಈ ಹೆಸರು ಕೇಳಿಲ್ಲ ಅಲ್ವಾ? 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 15.6 ಕೋಟಿ ಹೊಸ ಸೋಂಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲೈಂಗಿಕ ಸಂಪರ್ಕದಿಂದ ಹರಡುವ ಪರಾವಲಂಬಿ ಇದು. ಕೆಲವರಿಗೆ ಬಿಳಿ ಸೆರಗು, ತುರಿಕೆ, ಉರಿ, ವಾಸನೆ. ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಹಾಗೇ ಉಳಿದರೆ ಎಚ್‌ಐವಿ ತಗಲುವ ಅಪಾಯ ಜಾಸ್ತಿಯಾಗುತ್ತದೆ.

ಮಾತ್ರೆ ಇದೆ. ಲೈಂಗಿಕ ಸೋಂಕಿಗೆ ಚಿಕಿತ್ಸೆ ಕೊಡುವ ಸರ್ಕಾರದ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಆ ಮಾತ್ರೆ ಇರುವ ಹಸಿರು ಕಿಟ್ ಪುಕ್ಕಟೆ ಕೊಡುತ್ತಾರೆ. ಆದರೆ ಅದು ಸಿಗುವುದು ಬಾಯಿಬಿಟ್ಟು ಹೇಳಿಕೊಂಡವರಿಗೆ. ತೊಂದರೆಯೇ ಕಾಣದವಳು ಏನಂತ ಹೇಳಬೇಕು? ಕಂಡರೂ ಅತ್ತೆ ಎದುರು ಹೇಗೆ ಹೇಳಬೇಕು?

ಅದಕ್ಕೇ ನಾನು ಡಾಕ್ಟರಿಗೆ ಹೇಳುವುದು, ಅವಳು ಹೇಳಲಿ ಅಂತ ಕಾಯಬೇಡಿ. ನೀವೇ ಪರೀಕ್ಷೆ ಮಾಡಿ. ಬೇರೆ ಲೈಂಗಿಕ ಸೋಂಕಿಗೆ ಯೋನಿಯಿಂದ ಸ್ವಾಬ್ (ಹತ್ತಿ ಕಡ್ಡಿಯಲ್ಲಿ ಸ್ರಾವದ ಮಾದರಿ) ತೆಗೆಯುವಾಗ ಇದನ್ನೂ ನೋಡಿ.

ಹೇಗೆ ನೋಡುತ್ತೇವೆ ಅನ್ನುವುದೂ ಮುಖ್ಯ. ಗಾಜಿನ ಸ್ಲೈಡ್ ಮೇಲೆ ಒಂದು ಹನಿ ಸಲೈನ್, ಅದರಲ್ಲಿ ಸ್ವಾಬ್. ಮೈಕ್ರೋಸ್ಕೋಪಿನಲ್ಲಿ ಪೇರಳೆ ಆಕಾರದ ಜೀವಿ ಬಾಲದಂಥ ಎಳೆಗಳನ್ನು ಬಡಿಯುತ್ತಾ ತಡವರಿಸಿಕೊಂಡು ಓಡುತ್ತಿರುತ್ತದೆ. ಆ ಓಟ ನೋಡಿಯೇ ಗುರುತಿಸಬೇಕು. ಸ್ಲೈಡ್ ತಣ್ಣಗಾಯಿತೋ, ಅದು ನಿಂತುಬಿಡುತ್ತದೆ. ಆಮೇಲೆ ಬಿಳಿ ರಕ್ತಕಣಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ. ಲ್ಯಾಬ್ ಮುಂದೆ ಕ್ಯೂ ಇದ್ದರೆ ಮುಗೀತು, ರಿಪೋರ್ಟ್ 'ನಾರ್ಮಲ್' ಅಂತ ಬರುತ್ತದೆ. ಪರಾವಲಂಬಿಯ ಆನುವಂಶಿಕ ವಸ್ತುವನ್ನೇ ಹುಡುಕುವ ಪರೀಕ್ಷೆಗೆ ಈ ಅವಸರ ಇಲ್ಲ. ದುಬಾರಿ, ನಿಜ. ಆದರೆ ಅದಕ್ಕೆ ಬೇಕಾದ ಸ್ವಾಬನ್ನು ಹುಡುಗಿ ತಾನೇ ತೆಗೆದುಕೊಡಬಹುದು. ನಾಚಿಕೆಯ ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ಇನ್ನು ಗಂಡ. ಗಂಡಸರಲ್ಲಿ ಇದು ಬಹಳ ಸಲ ಸುಮ್ನೆ ಕೂತಿರುತ್ತದೆ. ಹೆಂಡತಿಗಷ್ಟೇ ಮಾತ್ರೆ ಕೊಟ್ಟರೆ ಸೋಂಕು ಮತ್ತೆ ಅವಳಿಗೇ ಬರುತ್ತದೆ. ಇಬ್ಬರೂ ನುಂಗಬೇಕು. ಮೂರು ತಿಂಗಳೊಳಗೆ ಅವಳಿಗೆ ಇನ್ನೊಮ್ಮೆ ಪರೀಕ್ಷೆ ಆಗಬೇಕು. ಯಾರಿಂದ ಬಂತು ಅನ್ನುವ ವಿಚಾರಣೆ ಬೇಡ. ಎಷ್ಟು ದಿನದಿಂದ ಒಳಗಿದೆ ಅಂತ ಈ ಪರೀಕ್ಷೆ ಹೇಳುವುದೂ ಇಲ್ಲ.

ಡಾಕ್ಟರೇ, ದಯವಿಟ್ಟು ಆ ಅತ್ತೆಯನ್ನು ಎರಡು ನಿಮಿಷ ಹೊರಗೆ ಕೂರಿಸಿ. ಆ ಹುಡುಗಿಯನ್ನು ಒಬ್ಬಳನ್ನೇ ಕೇಳಿ.