ಕೂಸಿನ ತೂಕ, ತಾಯಿಯ ಜ್ವರ: ಎರಡು ಯುದ್ಧಗಳ ನಡುವಿನ ಇಂಗ್ಲೆಂಡ್

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1920ರಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು 80 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 1930ರ ಹೊತ್ತಿಗೆ ಅದು 60ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಸಾವಿರ ಹೆರಿಗೆಗೆ ಸುಮಾರು ನಾಲ್ವರು ತಾಯಂದಿರು ಸಾಯುತ್ತಿದ್ದರು; ಆ ಸಂಖ್ಯೆ ಮಾತ್ರ ಇಳಿಯಲೇ ಇಲ್ಲ. ತಾಯಿಗೂ ಮಗುವಿಗೂ ಇದ್ದದ್ದು ಒಂದೇ ವ್ಯವಸ್ಥೆ. ಹಾಗಿದ್ದರೂ ಹೀಗೇಕಾಯಿತು?

ಮೊದಲು ಮಗುವಿನ ಕಡೆ ನೋಡೋಣ. ಜನನವಾದ 36 ಗಂಟೆಯೊಳಗೆ ಆರೋಗ್ಯಾಧಿಕಾರಿಗೆ ತಿಳಿಸುವುದು 1915ರಿಂದ ಎಲ್ಲ ಕಡೆ ಕಡ್ಡಾಯವಾಗಿತ್ತು. ಸೂಲಗಿತ್ತಿ ಸುಮಾರು ಹತ್ತು ದಿನ ಬಂದು ಹೋಗುತ್ತಿದ್ದಳು. ಆಮೇಲೆ ಹೆಲ್ತ್ ವಿಸಿಟರ್, ಅಂದರೆ ಮನೆಮನೆಗೆ ಹೋಗಿ ಸಲಹೆ ಕೊಡುವ ಆರೋಗ್ಯ ಕಾರ್ಯಕರ್ತೆ, ಮನೆಗೆ ಬರುತ್ತಿದ್ದರು. ತಾಯಿ-ಮಗುವಿನ ಆರೋಗ್ಯ ಕೇಂದ್ರದಲ್ಲಿ ಮಗುವನ್ನು ತೂಗಿ, ಮೊಲೆಹಾಲು ಸಾಲದಿದ್ದರೆ ಹಾಲಿನ ಪುಡಿಯನ್ನು ಕಡಿಮೆ ಬೆಲೆಗೆ ಕೊಡುತ್ತಿದ್ದರು. ತೂಕ ನೋಡುವುದು ಸುಲಭವೆನಿಸಿದರೂ ತಪ್ಪಾಗುವುದು ಅಲ್ಲೇ. ಒಂದು ವಾರ ಬಟ್ಟೆ ಸಮೇತ, ಮುಂದಿನ ವಾರ ಬರಿಮೈಯಲ್ಲಿ ತೂಗಿದರೆ ಲೆಕ್ಕ ಕೆಡುತ್ತದೆ. ಹಾಲು ಕುಡಿಯುವ ಮುಂಚೆ ಒಮ್ಮೆ, ಕುಡಿದ ಮೇಲೆ ಇನ್ನೊಮ್ಮೆ ತೂಗಿದರೂ ಅಷ್ಟೇ. ಸಾವು ಇಳಿದದ್ದೆಲ್ಲ ತಕ್ಕಡಿಯ ಪುಣ್ಯವೆಂದು ನಾನು ಹೇಳಲಾರೆ; ಶುದ್ಧ ಹಾಲು, ಚಿಕ್ಕ ಸಂಸಾರ, ಕಡಿಮೆಯಾದ ಬೇಸಿಗೆ ಭೇದಿಗಳಿಗೂ ಅದರಲ್ಲಿ ಪಾಲಿದೆ.

ಇನ್ನು ತಾಯಿ. 1918ರ ಕಾಯ್ದೆ ಸ್ಥಳೀಯ ಸಂಸ್ಥೆಗಳಿಗೆ ಗರ್ಭಿಣಿಯರ ಕ್ಲಿನಿಕ್ ತೆರೆಯುವ ಅಧಿಕಾರ ಕೊಟ್ಟಿತು, ಕಡ್ಡಾಯ ಮಾಡಲಿಲ್ಲ. 1929ರಲ್ಲಿ ಆರೋಗ್ಯ ಸಚಿವಾಲಯ ತಪಾಸಣೆಯ ಕ್ರಮವೊಂದನ್ನು ಸೂಚಿಸಿತು: ಮೊದಲ ಭೇಟಿ 16ನೇ ವಾರ, ಆಮೇಲೆ 24 ಮತ್ತು 28ನೇ ವಾರ, ಅಲ್ಲಿಂದ 36ರವರೆಗೆ ಎರಡು ವಾರಕ್ಕೊಮ್ಮೆ, ಕೊನೆಗೆ ಪ್ರತಿ ವಾರ. ಈ ತಪಾಸಣೆಯ ಮೂತ್ರ ಪರೀಕ್ಷೆಗೆ ಮೂತ್ರ ತುಂಬಿದ ಗಾಜಿನ ನಳಿಗೆಯ ಮೇಲ್ಭಾಗವನ್ನಷ್ಟೇ ಕಾಯಿಸಬೇಕಿತ್ತು. ಕೆಳಗಿನ ತಿಳಿ ಭಾಗ ಹೋಲಿಸಿ ನೋಡಲು ಬೇಕಿತ್ತು. ಮೇಲೆ ಬಿಳಿ ಮಬ್ಬು ಕಂಡರೆ ಎರಡು ಮೂರು ಹನಿ ಅಸಿಟಿಕ್ ಆಮ್ಲ ಹಾಕಬೇಕಿತ್ತು. ಮಬ್ಬು ಕರಗಿದರೆ ಅದು ಫಾಸ್ಫೇಟ್ ಎಂಬ ಲವಣ, ಚಿಂತೆಯಿಲ್ಲ. ಉಳಿದರೆ ಅಲ್ಬುಮಿನ್ ಎಂಬ ಪ್ರೋಟೀನು, ನಂಜೇರಿ ಸೆಳವು ಬರುವ ಅಪಾಯವಿದೆ. ಆಮ್ಲ ಹಾಕದೆ ತೀರ್ಪು ಕೊಟ್ಟರೆ ಆರೋಗ್ಯವಂತೆಯೂ ಹೆದರಿ ಕೂರುತ್ತಾಳೆ.

ಆದರೆ ಅತಿ ಹೆಚ್ಚು ಜನರನ್ನು ಕೊಂದದ್ದು ಸೆಳವಲ್ಲ, ಹೆರಿಗೆಯ ನಂತರ ಸೋಂಕಿನಿಂದ ಬರುವ ನಂಜು. ಅದನ್ನು ಯಾವ ಕ್ಲಿನಿಕ್ಕೂ 36ನೇ ವಾರದಲ್ಲಿ ಕಂಡುಹಿಡಿಯಲಾರದು. ಆ ನಂಜಿಗೆ ಕಾರಣವಾದ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ಎಷ್ಟೋ ಸಲ ಹೆರಿಗೆ ಮಾಡಿಸುವವರ ಗಂಟಲು, ಮೂಗಿನಿಂದಲೇ ಬರುತ್ತಿತ್ತು. ಕೈ ಎಷ್ಟೇ ತೊಳೆದರೂ ಬಾಯಿಗೆ ಮುಸುಕಿಲ್ಲದಿದ್ದರೆ ಅದಷ್ಟೇ ಸಾಲದು. ಮಗುವನ್ನು ಹೊರಗೆಳೆಯಲು ಅನಗತ್ಯವಾಗಿ ಇಕ್ಕಳ ಹಾಕಿದರೆ ಗಾಯವಾಗಿ ಅದಕ್ಕೆ ಬಾಗಿಲು ತೆರೆಯುತ್ತದೆ. ಉಳ್ಳವರ ಮನೆಗಳಲ್ಲೂ ಸಾವು ಕಡಿಮೆ ಇರದಿದ್ದದ್ದು ಇದರಿಂದಲೇ ಎಂದು ನನ್ನ ಅಂದಾಜು. ಅಲ್ಲಿ ವೈದ್ಯರು ಹೆಚ್ಚು, ಇಕ್ಕಳವೂ ಹೆಚ್ಚು. ಮೇಲಾಗಿ ಕ್ಲಿನಿಕ್ಕಿನಲ್ಲಿ ನೋಡಿದ ವೈದ್ಯರೊಬ್ಬರು, ಹೆರಿಗೆಗೆ ಬರುವ ಸೂಲಗಿತ್ತಿ ಬೇರೆ, ಕಷ್ಟವಾದಾಗ ಓಡಿಬರುವ ವೈದ್ಯರು ಮೂರನೆಯವರು. ಒಬ್ಬರು ಕಂಡದ್ದು ಇನ್ನೊಬ್ಬರಿಗೆ ತಲುಪುತ್ತಿರಲಿಲ್ಲ.

1936ರಲ್ಲಿ ಎರಡು ಬದಲಾವಣೆಗಳಾದವು. ಹೊಸ ಕಾಯ್ದೆ ಸಂಬಳದ ಸೂಲಗಿತ್ತಿಯರನ್ನು ಒದಗಿಸುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ಹೊರಿಸಿತು. ಲಂಡನ್ನಿನ ಕ್ವೀನ್ ಶಾರ್ಲಟ್ಸ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಕೋಲ್‌ಬ್ರೂಕ್ ಮತ್ತು ಮೆವ್ ಕೆನ್ನಿ ನಂಜು ತಗುಲಿದ 38 ಬಾಣಂತಿಯರಿಗೆ ಪ್ರಾಂಟೊಸಿಲ್ ಎಂಬ ಸಲ್ಫಾ ಔಷಧ ಕೊಟ್ಟ ಫಲಿತಾಂಶ ಪ್ರಕಟಿಸಿದರು; ಸತ್ತವರು ಮೂವರು ಮಾತ್ರ.